ಒಂದೇ ಸಂಪಿನ ನೀರು

ಬೆಳಿಗ್ಗೆ ಕುಡಿದ ಹಾಲನ್ನೆಲ್ಲ ನಿಧಿ ನನ್ನ ಹೆಗಲ ಮೇಲೆ ವಾಂತಿ ಮಾಡಿದಳು. ನಾನು ಪಾಠ ಹೇಳುವ ಸ್ಕೂಲಿಗೆ ಹೊರಟು ನಿಂತಿದ್ದೆ. ಸೀರೆ ಬದಲಿಸುವಷ್ಟರಲ್ಲಿ ಭೇದಿ ಶುರುವಾಯಿತು. ಮಗುವಿಗೆ ಆಗಷ್ಟೇ ಎರಡು ವರ್ಷ ತುಂಬಿತ್ತು. ಮೈ ಸುಡುತ್ತಿತ್ತು.

ಪುಲಿಕೇಶಿನಗರದ ನಮ್ಮ ಬಾಡಿಗೆ ಮನೆಯ ಹತ್ತಿರವೇ ಒಂದು ಕ್ಲಿನಿಕ್ ಇದೆ. ಅಲ್ಲಿನ ಡಾಕ್ಟರು ನಿಧಿಯ ಹೊಟ್ಟೆ ಮುಟ್ಟಲಿಲ್ಲ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿದರು. "ದವಡೆ ಹಲ್ಲು ಬರ್ತಿದೆ ಕಣಮ್ಮ. ಈ ವಯಸ್ಸಲ್ಲಿ ಇದೆಲ್ಲ ಕಾಮನ್" ಎಂದು ಒಂದು ಸಿರಪ್ ಬರೆದುಕೊಟ್ಟರು.

ಸಂಜೆಗೆ ಕೆ.ಆರ್. ಪುರದಿಂದ ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ ಕೇಳಿದರು. "ಏನ್ ತಿನ್ನಿಸ್ದೆ ಮಗೂಗೆ?"

ಭಾನುವಾರ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆವು. ನನ್ನ ಐಸ್‌ಕ್ರೀಮಿನಲ್ಲಿ ಒಂದು ಚಮಚ ಅವಳಿಗೂ ಕೊಟ್ಟಿದ್ದೆ. ಅಷ್ಟು ಹೇಳಿದ್ದೇ ಸಾಕಾಯಿತು. ಅಂದಿನಿಂದ ಫೋನ್ ಮಾಡಿದ ನೆಂಟರಿಗೆಲ್ಲ ಅತ್ತೆ ಹೇಳಿದ್ದು ಆ ಚಮಚದ ಕಥೆಯನ್ನೇ. ನನ್ನ ಗಂಡ ಗಿರೀಶ್ ಪಕ್ಕದಲ್ಲೇ ಕೂತು ಕೇಳಿಸಿಕೊಂಡ.

"ನೀರು ಕೊಡ್ಬೇಡ. ಕುಡಿದಷ್ಟೂ ಹೋಗತ್ತೆ" ಎಂದು ಅತ್ತೆ ನನ್ನ ಕೈಯಿಂದ ಲೋಟ ಕಿತ್ತುಕೊಂಡರು. ನಿಧಿ ಆ ಲೋಟದ ಕಡೆಗೇ ಕೈ ಚಾಚಿ ಅತ್ತಳು. ನಾನು ಅವಳನ್ನು ತೊಳೆಸುವ ನೆಪ ಮಾಡಿ ಬಾತ್‌ರೂಮಿಗೆ ಎತ್ತಿಕೊಂಡು ಹೋದೆ. ಬಾಗಿಲ ಚಿಲಕ ಹಾಕಿ ಓಆರ್‌ಎಸ್ ಅನ್ನು ಚಮಚ ಚಮಚವಾಗಿ ಕುಡಿಸಿದೆ. ಹೆತ್ತ ಮಗುವಿಗೆ ನೀರು ಕೊಡಲು ನಾನು ಕಳ್ಳಿಯಾಗಬೇಕಾಯಿತು. ಈಗ ನೆನೆಸಿಕೊಂಡರೂ ಹಲ್ಲು ಕಚ್ಚುತ್ತೇನೆ. ಆದರೆ ಕುಡಿಸಿದ್ದಕ್ಕಿಂತ ಹೆಚ್ಚು ಹೊರಗೆ ಹೋಗುತ್ತಿತ್ತು.

ಮಾರನೇ ದಿನ ಡಯಾಪರ್‌ನಲ್ಲಿ ರಕ್ತ.

ಲೋಳೆಯ ಜೊತೆ ಎಳೆ ಎಳೆಯಾಗಿ ರಕ್ತ. ನಿಧಿ ಅಳುತ್ತಿದ್ದಳು, ಕಣ್ಣಲ್ಲಿ ನೀರಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು. ನಾನು ಯಾರನ್ನೂ ಕೇಳಲಿಲ್ಲ. ಅವಳನ್ನು ಎತ್ತಿಕೊಂಡು ರಸ್ತೆಗಿಳಿದು ಆಟೋ ನಿಲ್ಲಿಸಿದೆ. ಗಿರೀಶ್ ಹಿಂದೆಯೇ ಓಡಿಬಂದ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಅವಳ ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರು. ಚರ್ಮ ತಕ್ಷಣ ಹಿಂದಕ್ಕೆ ಹೋಗಲಿಲ್ಲ. ಮಡಿಕೆಯಾಗಿ ನಿಂತಿತು. "ಸಿವಿಯರ್ ಡಿಹೈಡ್ರೇಶನ್" ಎಂದು ನರ್ಸ್‌ಗೆ ಹೇಳಿ, ನನ್ನ ಕಡೆ ತಿರುಗಿ ಕೇಳಿದರು. "ಏನ್ ತಿನ್ನಿಸಿದ್ರಿ?"

ನರ್ಸ್ ಕೈಯಲ್ಲಿ ನರ ಹುಡುಕಿದಳು. ಸಿಗಲಿಲ್ಲ. ಇನ್ನೊಂದು ಕೈ. ಕೊನೆಗೆ ಕಾಲಿನಲ್ಲಿ ಸಿಕ್ಕಿತು. ಸೂಜಿ ಚುಚ್ಚಿದಾಗ ನಿಧಿ ಕಿರುಚಲೂ ಇಲ್ಲ, ಸುಮ್ಮನೆ ಮುಖ ಕಿವುಚಿದಳು. ಅವಳ ಅಳುವಿಗಿಂತ ಆ ಮೌನಕ್ಕೇ ನಾನು ಹೆಚ್ಚು ಹೆದರಿದ್ದು.

ಡ್ರಿಪ್ ಹಾಕಿಸಿಕೊಂಡು ವಾರ್ಡಿಗೆ ಬಂದಾಗ ಪಕ್ಕದ ಬೆಡ್ಡಿನಲ್ಲಿ ಅಯಾನ್ ಮಲಗಿದ್ದ.

ನಮ್ಮ ಮೇಲಿನ ಮನೆಯ ಅಯಾನ್. ಅವನ ಕೈಗೂ ಡ್ರಿಪ್. ಅವನಮ್ಮ ನಾಜಿಯಾ ನನ್ನನ್ನು ನೋಡಿ ಎದ್ದು ನಿಂತಳು. "ಯಾ ಅಲ್ಲಾ! ಲತಾ, ನಿಧಿಗೂನಾ?"

ಅವಳ ಮನೆಯಲ್ಲೂ ಅದೇ ವಿಚಾರಣೆ ನಡೆದಿತ್ತು. ಮಸೀದಿ ರಸ್ತೆಯ ಕಬಾಬ್ ತಿನ್ನಿಸಿದ್ದೇ ತಪ್ಪು ಎಂದು ಅವಳ ನಾದಿನಿ ತೀರ್ಪು ಕೊಟ್ಟಿದ್ದಳು. ಬೆಡ್ಡುಗಳ ನಡುವೆ ಸ್ಟೂಲ್ ಹಾಕಿಕೊಂಡು ನಾವಿಬ್ಬರೂ ಮಾತಾಡಿದೆವು. ಅಯಾನ್ ಐಸ್‌ಕ್ರೀಮ್ ತಿಂದಿರಲಿಲ್ಲ. ನಿಧಿ ಕಬಾಬ್ ತಿಂದಿರಲಿಲ್ಲ. ಇಬ್ಬರಿಗೂ ಸಮನಾಗಿ ಸಿಕ್ಕಿದ್ದು ಒಂದೇ.

"ನೀರು" ಅಂದಳು ನಾಜಿಯಾ.

"ಕುದಿಸಿ ಕೊಡ್ತೀನಲ್ಲ ನಾಜಿಯಾ."

"ನಾನೂ ಕುದಿಸ್ತೀನಿ. ಆದ್ರೆ ಲೋಟ ಯಾವ್ದ್ರಲ್ಲಿ ತೊಳಿತೀಯ? ದ್ರಾಕ್ಷಿ ಯಾವ್ದ್ರಲ್ಲಿ ತೊಳಿತೀಯ?"

ಸ್ನಾನ ಮಾಡಿಸುವಾಗ ನಿಧಿ ಬೊಗಸೆಯಲ್ಲಿ ನೀರು ಹಿಡಿದು ಬಾಯಿಗೆ ಹಾಕಿಕೊಂಡು ನಗುತ್ತಾಳೆ. ಕೆಲವು ದಿನಗಳಿಂದ ನಲ್ಲಿ ನೀರು ವಾಸನೆ ಬರುತ್ತಿತ್ತು. ಮನೆಯ ಓನರ್ ಆಂಟಿಗೆ ನಾನು ಹೇಳಿದ್ದೆ. "ಕ್ಲೋರಿನ್ ಜಾಸ್ತಿ ಹಾಕಿರ್ತಾರೆ, ಬಿಡಮ್ಮ" ಎಂದಿದ್ದರು.

ಮಕ್ಕಳ ಡಾಕ್ಟರ್ ರೌಂಡ್ಸಿಗೆ ಬಂದಾಗ ಇಬ್ಬರೂ ಒಟ್ಟಿಗೇ ಹೇಳಿದೆವು. ಆಕೆ ನಿಂತು ಪೂರ್ತಿ ಕೇಳಿದರು. ಎರಡು ದಿನದ ಮೇಲೆ ಬಂದ ಮಲಪರೀಕ್ಷೆಯ ರಿಪೋರ್ಟಿನಲ್ಲಿ ಇಬ್ಬರು ಮಕ್ಕಳಿಗೂ ಇದ್ದದ್ದು ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ರೋಟಾವೈರಸ್ ಲಸಿಕೆ ಹಾಕಿಸಿದ್ದೆವಲ್ಲ ಎಂದೆ. "ಅದು ರೋಟಾವೈರಸ್ಸಿಗೆ ಮಾತ್ರ ಅಮ್ಮ. ಮಕ್ಕಳ ಭೇದಿಗೆ ಕಾರಣ ಬೇಕಾದಷ್ಟಿವೆ, ವೈರಸ್ಸು, ಬ್ಯಾಕ್ಟೀರಿಯಾ, ಅಮೀಬಾ. ಶಿಗೆಲ್ಲಾ ಮಲದಿಂದ ಬಾಯಿಗೆ ಬರತ್ತೆ. ತುಂಬಾ ಸ್ವಲ್ಪ ಹೋದ್ರೂ ಸಾಕು. ಹಲ್ಲಿಂದ ಬರಲ್ಲ. ಮತ್ತೆ, ನೀರು ನಿಲ್ಲಿಸ್ಬೇಡಿ ಯಾವತ್ತೂ" ಎಂದರು.

ಅತ್ತೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಸ್ವಲ್ಪ ಹೊತ್ತಿಗೆ ಓಆರ್‌ಎಸ್ ಲೋಟ ಹಿಡಿದು ಮೊಮ್ಮಗಳ ಪಕ್ಕ ಕೂತು, ಚಮಚದಲ್ಲಿ ಕುಡಿಸತೊಡಗಿದರು. ನಾನು ತಡೆಯಲಿಲ್ಲ. ಕ್ಷಮಿಸಲೂ ಇಲ್ಲ.

ಆ್ಯಂಟಿಬಯೋಟಿಕ್ ಹಿಡಿಯಿತು. ಜ್ವರ ಇಳಿಯಿತು. ನಿಧಿ ಅತ್ತಾಗ ಕಣ್ಣಲ್ಲಿ ನೀರು ಬಂತು. ಮಗಳ ಕಣ್ಣೀರು ನೋಡಿ ಖುಷಿಪಟ್ಟದ್ದು ಅದೇ ಮೊದಲು.

ಡಿಸ್ಚಾರ್ಜ್ ಆಗಿ ಬಂದ ಬೆಳಿಗ್ಗೆ ನಾನೂ ನಾಜಿಯಾಳೂ ಮೇಲ್ಮಹಡಿಯ ಓನರ್ ಮನೆಗೆ ಹೊರಟೆವು. ಗಿರೀಶ್ ಮೆಟ್ಟಿಲ ಮೇಲೆ ನನ್ನ ತೋಳು ಹಿಡಿದು "ಗಲಾಟೆ ಬೇಡ ಲತಾ, ಬಾಡಿಗೆ ಮನೆ" ಎಂದ. ನಾನು ತೋಳು ಬಿಡಿಸಿಕೊಂಡೆ. "ನಿಮ್ಮ ಮಗಳಿಗೆ ಕುಡಿಸಿರೋದು ಏನು ಗೊತ್ತಾ? ಕಕ್ಕಸಿನ ನೀರು" ಎಂದು ಬಿಲ್ಡಿಂಗಿಗೆಲ್ಲ ಕೇಳುವಂತೆ ಹೇಳಿದೆ. ಅವನು ನಮ್ಮ ಹಿಂದೆ ಮೆಟ್ಟಿಲು ಹತ್ತಿದ. ನಾವು ಬೆಲ್ ಒತ್ತಿದೆವು.

ಬಾಗಿಲು ತೆರೆದ ಆಂಟಿಯ ಹಿಂದೆ, ಅಡುಗೆಮನೆ ಬಾಗಿಲಲ್ಲಿ, ಕುಡಿಯುವ ನೀರಿನ ಕ್ಯಾನುಗಳು ಸಾಲಾಗಿ ಕಂಡವು.

ಇಡೀ ಬಿಲ್ಡಿಂಗಿಗೆ ನೀರು ಕೊಡುವ ನೆಲದಡಿಯ ಸಂಪು ತೆರೆಯದೆ ಹೋಗುವುದಿಲ್ಲ ಎಂದು ಕೂತೆವು. ಕೊನೆಗೆ ಆಂಟಿಯ ಗಂಡ, ಅಂಕಲ್, ಪ್ಲಂಬರನ್ನು ಕರೆಸಿದರು. ಮುಚ್ಚಳ ಎತ್ತಿದಾಗ ಬಂದ ನಾತಕ್ಕೆ ನಾಜಿಯಾ ಸೆರಗು ಮೂಗಿಗೆ ಹಿಡಿದಳು. ಪಕ್ಕದ ಒಳಚರಂಡಿ ಚೇಂಬರ್ ಬಿರುಕು ಬಿಟ್ಟು ಸಂಪಿನ ಗೋಡೆಯೊಳಗೆ ಜಿನುಗುತ್ತಿತ್ತು. ಅಂಕಲ್ ಕಡೆ ನೋಡಿ ಪ್ಲಂಬರ್ ಸಹಜವಾಗಿ ಅಂದ. "ಆವಾಗ್ಲೇ ಹೇಳಿದ್ನಲ್ಲ ಸಾರ್, ಬಿಟ್ರೆ ಜಾಸ್ತಿಯಾಗತ್ತೆ ಅಂತ."

ಅವರಿಗೆ ಗೊತ್ತಿತ್ತು.

"ಮಳೆ ಕಮ್ಮಿ ಆಗ್ಲಿ ಅಂತ ಕಾಯ್ತಿದ್ವಿ ಕಣಮ್ಮ" ಎಂದರು ಆಂಟಿ.

"ಕಾಯೋವಾಗ ನೀವು ಕ್ಯಾನ್ ನೀರು ತರಿಸ್ಕೊಂಡ್ರಿ. ನಮಗೊಂದು ಮಾತು ಹೇಳ್ಬಾರ್ದಿತ್ತಾ ಆಂಟಿ? ಒಂದೇ ಒಂದು ಮಾತು?" ಆಂಟಿ ಒಳಗೆ ಹೋದರು. ಅಂಕಲ್ ಪ್ಲಂಬರಿಗೆ ಕೆಲಸ ಶುರುಮಾಡಲು ಹೇಳಿದರು.

ಚೇಂಬರ್ ರಿಪೇರಿಯಾಯಿತು. ಸಂಪು ಖಾಲಿ ಮಾಡಿಸಿ, ತೊಳೆಸಿ, ಗೋಡೆಗೆ ಹೊಸ ಪ್ಲಾಸ್ಟರ್ ಹಾಕಿಸಿದರು. ಅಷ್ಟೂ ಹೊತ್ತು ನಾವಿಬ್ಬರೂ ಸರದಿಯ ಮೇಲೆ ಅಲ್ಲೇ ನಿಂತಿದ್ದೆವು. ನೀರನ್ನು ಟೆಸ್ಟಿಗೂ ಕಳಿಸಿದೆವು. ಈ ಸಲ ರಿಪೋರ್ಟ್ ಸರಿಯಾಗಿ ಬಂತು.

ಮೊನ್ನೆ ಕೆಳಗಿನ ಖಾಲಿ ಮನೆ ನೋಡಲು ಗಂಡ ಹೆಂಡತಿ ಬಂದರು. ಹೆಂಗಸಿನ ಸೊಂಟದ ಮೇಲೆ ಹಸುಗೂಸು. "ನೀರಿಗೆ ಏನೂ ತೊಂದ್ರೆ ಇಲ್ಲ" ಎಂದು ಆಂಟಿ ಹೇಳುತ್ತಿದ್ದರು. ನಾನು ಹೊರಗೆ ಬಂದು ಆದದ್ದೆಲ್ಲವನ್ನೂ ಹೇಳಿದೆ. ರಿಪೇರಿಯಾಗಿದೆ ಎಂಬುದನ್ನೂ ಬಿಡದೆ ಹೇಳಿದೆ.

"ಹೀಗೆ ಹೇಳಿದ್ರೆ ಯಾರಮ್ಮ ಬರ್ತಾರೆ?" ಎಂದು ಆಂಟಿ ಸಿಡುಕಿದರು.

"ತಿಳ್ಕೊಂಡು ಬರೋರು ಬರ್ಲಿ ಆಂಟಿ."

ಅವರು ಬಂದರು. ಸಾಮಾನು ಇಳಿಸಿದ ದಿನವೇ ಆ ಹೆಂಗಸು ಸಂಪಿನ ಮುಚ್ಚಳ ತೆಗೆಸಿ ಬಗ್ಗಿ ನೋಡಿದಳು. ಅದನ್ನು ಕಂಡು ನನಗೆ ಸಮಾಧಾನವಾಯಿತು.

ನಿಧಿ ಸೊರಗಿದ್ದಾಳೆ, ಆದರೆ ಓಡಾಡುತ್ತಾಳೆ, ಅನ್ನ ಕೇಳುತ್ತಾಳೆ. ಆ ಮಕ್ಕಳ ಡಾಕ್ಟರಿಗೆ, ಕಾಲಿನಲ್ಲಿ ನರ ಹುಡುಕಿದ ಆ ಹುಡುಗಿಗೆ, ನಾಜಿಯಾಗೆ ನಾನು ಋಣಿ. ಕೋಪ ಮಾತ್ರ ಹೋಗಿಲ್ಲ. ಮರೆತುಬಿಡು ಎಂದು ಗಿರೀಶ್ ಹೇಳುತ್ತಾನೆ. ನನಗೆ ಮರೆಯುವ ಅವಸರವಿಲ್ಲ.