ಮಸೀದಿ ಮೆಟ್ಟಿಲ ಮುಂದೆ

ಇವತ್ತು ಬೆಳಿಗ್ಗೆ ಅಕ್ಕನ ಮಗು ನಿದ್ದೆಯಲ್ಲಿ ಬೆಚ್ಚಿ ಅತ್ತಾಗ ಅದರ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

ಚಿಕ್ಕವಳಿದ್ದಾಗ ನಾನೂ ಹೀಗೇ ಬೆಚ್ಚುತ್ತಿದ್ದೆ. ಆಗೆಲ್ಲ ಅಜ್ಜಿ ನನ್ನನ್ನು ಸಂಜೆ ಶಿಕಾರಿಪುರದ ಮಸೀದಿಯ ಮೆಟ್ಟಿಲ ಮುಂದೆ ನಿಲ್ಲಿಸುತ್ತಿದ್ದಳು. ನಮಾಜು ಮುಗಿಸಿ ಬಂದವರು ಬಗ್ಗಿ, ಏನೋ ಮಂತ್ರಿಸಿ, ನನ್ನ ಮುಖಕ್ಕೆ ಮೆಲ್ಲಗೆ ಊದುತ್ತಿದ್ದರು. ಅತ್ತರಿನ ಜೊತೆ ಎಲೆಯಡಿಕೆಯ ವಾಸನೆ.

“ಯಾವ ದೇವರ ಹೆಸರು ಹೇಳ್ತಾರಜ್ಜಿ?”

“ಅವರ ದೇವರದು. ನಮ್ಮದನ್ನ ನಾನು ಮನೇಲೇ ಹೇಳಿ ಬಂದೀನಿ. ಸುಮ್ನೆ ನಿಂತ್ಕ.”

ಇದನ್ನು ಅಕ್ಕನಿಗೆ ನೆನಪಿಸಿದೆ. “ಈಗ ನಮ್ಮೋರು ಅಲ್ಲಿ ಹೋಗಿ ನಿಂತ್ರೆ ಜನ ಸುಮ್ನಿರ್ತಾರಾ? ಧೈರ್ಯ ಇದ್ರೆ ನೀನೇ ಕರ್ಕೊಂಡು ಹೋಗು,” ಎಂದು ನಕ್ಕಳು.

ನಾಲ್ಕು ಜನ ನೋಡಿದರೆ ಸಾಕು, ನನಗೆ ನಾಲಿಗೆ ಒಣಗುತ್ತದೆ. ಮಧ್ಯಾಹ್ನದಿಂದ ಒಳಗೂ ಹೊರಗೂ ಓಡಾಡುತ್ತಿದ್ದೇನೆ. ಸಂಜೆ ಮಗುವನ್ನು ಎತ್ತಿಕೊಂಡು ಹೋಗುತ್ತೇನೆ, ಹಿಂದಿನ ಓಣಿಯಲ್ಲಲ್ಲ, ಪೇಟೆ ಬೀದಿಯಲ್ಲೇ.