ಬೈರಯ್ಯನ ಗೃಹಪ್ರವೇಶದ ಕಾರ್ಡು

ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಯೊಂದರಲ್ಲಿ ಬೈರಯ್ಯ ಮೂವತ್ತೊಂದು ವರ್ಷದಿಂದ ಒಕ್ಕಣೆ ಬರೆಯುತ್ತಿದ್ದಾನೆ. ಯಾರ ಹೆಸರು ಮೇಲಿರಬೇಕು, ತೀರಿಹೋದ ಅಜ್ಜನನ್ನು ಎಲ್ಲಿ ಸೇರಿಸಬೇಕು, ಮುನಿಸಿಕೊಂಡ ದೊಡ್ಡಪ್ಪನನ್ನು ಯಾವ ಸಾಲಿನಲ್ಲಿ ಕೂರಿಸಿದರೆ ಮದುವೆಗೆ ಬರುತ್ತಾನೆ, ಎಲ್ಲ ಅವನಿಗೆ ಕರಗತ. ಗಿರಾಕಿ ಎಷ್ಟೇ ಅವಸರ ಮಾಡಲಿ, ಅಚ್ಚಿಗೆ ಕಳಿಸುವ ಮೊದಲು ಅವನದು ಒಂದೇ ಪ್ರಶ್ನೆ: "ಛತ್ರದ ರಸೀದಿ ಕೈಗೆ ಬಂದಿದ್ಯಾ?" ಇಲ್ಲವೆಂದರೆ ಕಾಗದ ಮಡಚಿ ವಾಪಸು ಕೊಡುತ್ತಾನೆ. ಇಂಥ ಮನುಷ್ಯ ತನ್ನ ಸರದಿ ಬಂದಾಗ ಆ ಪ್ರಶ್ನೆ ಮರೆತ.

ಕೂತಲ್ಲಿ ಕೂರುವ ಜನ್ಮವಲ್ಲ ಅವನದು. ಬಲಗಾಲು ಸದಾ ಅಲ್ಲಾಡುತ್ತಿರುತ್ತದೆ. ಮೇಜಿನ ಮೇಲಿಟ್ಟ ಕಾಫಿ ತುಳುಕುತ್ತದೆ. ಮದುವೆಯಾದ ಮೇಲೆ ಚಾಮರಾಜಪೇಟೆ, ಹನುಮಂತನಗರಗಳ ನಡುವೆಯೇ ಒಂಬತ್ತು ಬಾಡಿಗೆ ಮನೆ ಬದಲಿಸಿದ. ಒಂದರಲ್ಲಿ ನೀರು ಸಾಲದು, ಇನ್ನೊಂದರಲ್ಲಿ ಗಾಳಿ ಆಡದು, ಮತ್ತೊಂದರಲ್ಲಿ ಓನರಿನ ಮುಖ ಸರಿಯಿಲ್ಲ. ಈಗಿರುವ ಚಾಮರಾಜಪೇಟೆಯ ಮನೆಯಲ್ಲಿ ಕಿಟಕಿ ತೆರೆದರೆ ಮೊಳದಾಚೆ ವರ್ಕ್‌ಶಾಪಿನ ಗೋಡೆ. "ಸಾಮಾನು ಕಟ್ಟೋದ್ರಲ್ಲೇ ನನ್ ಸೊಂಟ ಬಿದ್ದೋಯ್ತು" ಎಂದು ಅವನ ಹೆಂಡತಿ ತಿಮ್ಮಕ್ಕ ಬಂದವರಿಗೆಲ್ಲ ಹೇಳುತ್ತಾಳೆ.

ಹೋದ ವರ್ಷ ಹುಟ್ಟೂರಿನ ಜಮೀನು ರಸ್ತೆಗೆ ಹೋಗಿ, ಬೈರಯ್ಯನ ಪಾಲಿಗೆ ಪರಿಹಾರದ ಹಣ ಬಂತು. ಅದೇ ಹೊತ್ತಿಗೆ ಮಗಳ ಮದುವೆ ಕಾರ್ಡು ಮಾಡಿಸಲು ಶಿವಲಿಂಗಯ್ಯ ಅಂಗಡಿಗೆ ಬಂದ. ಅವನ ಬಳಿಯೂ ಛತ್ರದ ರಸೀದಿ ಇರಲಿಲ್ಲ. "ಕಾರ್ಡ್ ಹಂಚಿದ್ಮೇಲೆ ಹಿಂದಕ್ಕೆ ಹೋಗಕ್ಕಾಗಲ್ಲ" ಎಂದು ಬೈರಯ್ಯ ಎರಡು ಸಲ ಬರಿಗೈಯಲ್ಲಿ ಕಳಿಸಿದ. ಮೂರನೆಯ ಸಲ ರಸೀದಿಯೊಂದಿಗೆ ಬಂದವನು ಮಾತಿನ ನಡುವೆ, ಮಾಗಡಿ ದಾಟಿದ ಮೇಲೆ ತನ್ನದೊಂದು ಸಣ್ಣ ಮನೆಯಿದೆ, ಮಾರಬೇಕು, ಸುತ್ತ ಬೆಟ್ಟ ಎಂದ.

ಆ ಭಾನುವಾರವೇ ಗಂಡ ಹೆಂಡತಿ ಹೋಗಿ ನೋಡಿದರು. ಮೂರು ಕಡೆ ಬೆಟ್ಟ, ಕೆಳಗೆ ರಾಗಿ ಹೊಲ, ನಡುವೆ ಕೆಂಪು ಗಾರೆಯ ನೆಲದ ಎರಡು ಕೋಣೆ. ಅಡುಗೆಮನೆಯ ಪಡುವಣ ಕಿಟಕಿ ತೆಗೆದರೆ ಒಂದಿಡೀ ಬಂಡೆ ಬೆಟ್ಟ. ಬೈರಯ್ಯ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತ. ಎಷ್ಟೋ ಹೊತ್ತಾದ ಮೇಲೆ ತಿಮ್ಮಕ್ಕ ಮೆಲ್ಲಗೆ ಹೇಳಿದಳು: "ನಿಮ್ ಕಾಲು ನಿಂತಿದೆ ನೋಡಿ."

ಅವನು ನೋಡಿಕೊಂಡ. ನಿಜವಾಗಿಯೂ ನಿಂತಿತ್ತು. ಈ ಮನೆ ತನಗೆ ಬೇಕೇ ಬೇಕು ಎಂದು ಆಗ ಅವನಿಗೆ ಅನ್ನಿಸಿತು. ಬದುಕಿನಲ್ಲಿ ಯಾವುದನ್ನೂ ಅವನು ಅಷ್ಟು ಬಯಸಿರಲಿಲ್ಲ.

ತಾಂಬೂಲ ಬದಲಾಯಿಸಿ ಮಾತು ಮುಗಿಸಿದರು. ಕ್ರಯಪತ್ರ ಇನ್ನೆರಡು ವಾರಕ್ಕೆ. ಆದರೆ ಆಷಾಢ ಹತ್ತಿರ ಬರುತ್ತಿತ್ತು. ಅದು ಹಿಡಿದರೆ ಒಂದು ತಿಂಗಳು ಶುಭಕಾರ್ಯವಿಲ್ಲ, ಅದಕ್ಕೆ ಮುಂಚೆ ಉಳಿದದ್ದು ಒಂದೇ ಮುಹೂರ್ತ. ಬೈರಯ್ಯನಿಗೆ ತಡೆಯುತ್ತದೆಯೇ? ಅದೇ ದಿನ ಸಂಜೆ ಅಂಗಡಿಯಲ್ಲಿ ಕೂತು ಗೃಹಪ್ರವೇಶದ ಒಕ್ಕಣೆ ಬರೆದ. ಸಾವಿರಾರು ಕಾರ್ಡುಗಳಲ್ಲಿ ಊರವರ ಹೆಸರು ಹಾಕಿದ ಕೈ ಮೊದಲ ಬಾರಿ ತನ್ನ ಹೆಸರು ಹಾಕಿತು. ಹಿಂಬದಿಯಲ್ಲಿ ದಾರಿಯ ನಕ್ಷೆ. ನೂರೈವತ್ತು ಪ್ರತಿ ಅಚ್ಚಾದವು, ಅರವತ್ತೆರಡು ಮನೆಗೆ ಹಂಚಿದ್ದೂ ಆಯಿತು. ಮನೆ ಕೊಡುವವನನ್ನು ಕರೆಯದಿದ್ದರೆ ಹೇಗೆಂದು, ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಹಣ್ಣಿನ ಸಮೇತ ಶಿವಲಿಂಗಯ್ಯನಿಗೂ ಒಂದು ಕೊಟ್ಟುಬಂದ.

ಶಿವಲಿಂಗಯ್ಯ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ಕಣ್ಣಿಗೊತ್ತಿಕೊಂಡ. ಮಾರನೆಯ ದಿನ ಫೋನ್ ಮಾಡಿದ.

"ಬೈರಯ್ಯನೋರೇ, ಮನೇಲೆಲ್ಲಾ ಮಾತಾಡ್ದೋ. ಇನ್ನೊಂದು ನಾಕು ಲಕ್ಷ ಆಗ್ಬೇಕು."

"ತಾಂಬೂಲ ತಗೊಂಡಿದೀರಲ್ಲ ಸ್ವಾಮಿ."

"ತಗೊಂಡಿದೀನಿ. ಆದ್ರೆ ಕಾರ್ಡ್ ಹಂಚಿದ್ಮೇಲೆ ಹಿಂದಕ್ಕೆ ಹೋಗಕ್ಕಾಗಲ್ಲ ಅಂತ ನನಗೆ ಹೇಳ್ಕೊಟ್ಟೋರೇ ನೀವಲ್ವಾ?"

ಬೈರಯ್ಯನ ಮೈ ಉರಿದುಹೋಯಿತು. ಅಂಥ ಮಾತಿಗೆ ಯಾರಿಗಾದರೂ ಉರಿಯುತ್ತದೆ. ತಿಮ್ಮಕ್ಕ ಕೊರಳಿನ ಸರಕ್ಕೆ ಕೈ ಹಾಕಿ, "ಇದನ್ನ ಮಾರಿ, ಕೊಟ್ಬಿಡೋಣ. ನೀವು ಅಲ್ಲಿ ಕೂತಿದ್ದನ್ನ ನಾನು ನೋಡಿದೀನಿ" ಎಂದಳು. ಒಂಬತ್ತು ಸಲ ಸಾಮಾನು ಕಟ್ಟಿದವಳು ಹತ್ತನೆಯ ಸಲ ತಾನಾಗಿ ಹೊರಟಿದ್ದಳು. ಆದರೆ ಬೈರಯ್ಯನಿಗೆ ಹಟ ಬಂದಿತ್ತು. "ನನ್ ಕಾರ್ಡ್ ತೋರ್ಸಿ ನನ್ನೇ ಹೆದರ್ಸೋನಿಗೆ ಕೊಡಲ್ಲ" ಎಂದುಬಿಟ್ಟ. ಅದು ಮಾನದ ಮಾತೋ ಬರೀ ಜಂಭವೋ ಎಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಅರವತ್ತೆರಡು ಮನೆಗೂ ತಾನೇ ಹೋದ. "ಮುಂದಕ್ಕೆ ಹೋಗಿದೆ" ಎಂದು ಮೊದಲ ನಾಲ್ಕು ಮನೆಯಲ್ಲಿ ಹೇಳಿ, ಐದನೆಯದರಿಂದ "ನಿಂತುಹೋಯ್ತು" ಎಂದ. ಎಲ್ಲರೂ ಕಾಫಿ ಕೊಟ್ಟರು. ಕೆಲವರು ರಸೀದಿಯ ವಿಷಯ ಎತ್ತಿ ನಕ್ಕರು.

ಶ್ರಾವಣದಲ್ಲಿ ಹನುಮಂತನಗರದ ಮಾಧವಿ ಎಂಬಾಕೆ ಅಂಗಡಿಗೆ ಬಂದು, ಗೃಹಪ್ರವೇಶಕ್ಕೆ ಇನ್ನೂರು ಕಾರ್ಡು ಬೇಕೆಂದಳು. ಮೊಬೈಲಿನಲ್ಲಿ ಮನೆಯ ಚಿತ್ರ ತೋರಿಸಿದಳು. ಕೆಂಪು ನೆಲ, ಹಿಂದೆ ಬಂಡೆ ಬೆಟ್ಟ. ಬೈರಯ್ಯನ ಕಾಲು ಮೇಜಿನ ಕೆಳಗೆ ಜೋರಾಗಿ ಅಲ್ಲಾಡತೊಡಗಿತು.

"ಕ್ರಯಪತ್ರ ಕೈಗೆ ಬಂದಿದ್ಯಾ?"

"ಗುರುವಾರ ಆಯ್ತು."

ಅವನು ಒಕ್ಕಣೆ ಬರೆದುಕೊಂಡ. ಹಾಳೆ ತಿರುಗಿಸಿ, ಅವಳು ಬಾಯಿ ತೆರೆಯುವ ಮುಂಚೆಯೇ ದಾರಿ ಎಳೆದ: ಹಾಲಿನ ಡೇರಿ, ಎಡಕ್ಕೆ ಆಲದ ಮರ, ಮಣ್ಣಿನ ರಸ್ತೆ, ಮನೆ.

"ಅಡುಗೆಮನೆ ಪಡುವಣ ಕಿಟಕಿ ಮುಚ್ಚಿಸ್ಬೇಡಿ" ಎಂದ.

ಮಾಧವಿಗೆ ಆಶ್ಚರ್ಯ. "ನಿಮಗೆ ಆ ಮನೆ ಗೊತ್ತಾ?"

"ಹೂಂ. ಆ ಮನೆಗೆ ಒಂದ್ಸಲ ಕಾರ್ಡ್ ಮಾಡಿದ್ದೆ" ಎಂದ ಬೈರಯ್ಯ, ಮತ್ತು ಹಾಳೆಯ ಮೂಲೆಯಲ್ಲಿ ಇನ್ನೂರು ಎಂದು ಬರೆದುಕೊಂಡ.