ಕೈ ಕಟ್ಟಿ ಕೂತ ಪಕ್ಕದ ಮನೆ ಸೊಸೆ

ಅವಳ ಹೆಬ್ಬೆರಳು ಅವಳಿಗಿಂತ ಮುಂದೆ ಓಡುತ್ತಿತ್ತು. ಸಣ್ಣ, ಅರಿಶಿನ ಹತ್ತಿದ ಬೆರಳು. ಫೋನು ನಮ್ಮ ಕೈಲಿರುವಾಗಲೇ ಬಂದು ಒತ್ತಿಬಿಡುತ್ತಿತ್ತು. "ಅಷ್ಟೇಯ ದೊಡ್ಡವ್ವ" ಎನ್ನುವಳು.

ಪಕ್ಕದ ಮನೆಯ ಸೊಸೆ. ಚನ್ನರಾಯಪಟ್ಟಣದ ಕಡೆಯವಳು. ನಮ್ಮೂರು ಹಳೇಕೋಟೆಗೆ ಮದುವೆಯಾಗಿ ಬಂದು, ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾರುಯಾರಿಗೋ ಆಪ್ ಮಾಡಿಕೊಡುತ್ತಾಳೆ. ಡೈರಿಗೆ ಹಾಲು ಹಾಕುವ ನಮ್ಮ ಹೆಂಗಸರಿಗೂ ಒಂದು ಮಾಡಿಕೊಟ್ಟಳು. ಅದರಲ್ಲಿ ಬಟನ್ ಒತ್ತಿದರೆ ದನದ ಡಾಕ್ಟರಿಗೆ ಸುದ್ದಿ ಹೋಗುತ್ತದೆ. ಊರೂರು ಸುತ್ತುವ ಡಾಕ್ಟರು ಫೋನು ಎತ್ತುವುದು ಅಪರೂಪ.

ನಮ್ಮ ಹಸು ಈಯಲು ತಿಣುಕುತ್ತಿದ್ದಾಗ ನಾನು ಆಪ್ ತೆರೆದೆ. ಬಟನ್ನೇ ಇಲ್ಲ. ಸರಿಸಿದರೂ ಬರಲಿಲ್ಲ. ನನಗೆ ಕಣ್ಣು ಮಂಜು, ಓದುವುದೂ ಕೂಡಿಸಿ ಕೂಡಿಸಿ. ಅದಕ್ಕೇ ಫೋನಿನ ಅಕ್ಷರ ದಪ್ಪ ಮಾಡಿಸಿಕೊಂಡಿದ್ದೆ. ಕೂಗಿದೆ. ಅವಳು ಬೇಲಿ ದಾಟಿ ಓಡಿಬಂದು ಅಕ್ಷರ ಸಣ್ಣ ಮಾಡಿದಳು. ಬಟನ್ ಬಂತು. ಡಾಕ್ಟರೂ ಬಂದರು, ತಡವಾಗಿ. ಹಸು ಉಳಿಯಿತು, ಕರು ಹೋಯಿತು.

"ನಿನ್ ಬಟನ್ ಎಲ್ಲೋಗಿತ್ತಮ್ಮಿ?" ಅಂದೆ.

"ಪರದೆಯಿಂದ ಕೆಳಕ್ಕೆ ಬಿದ್ದೋಗಿತ್ತು ದೊಡ್ಡವ್ವ. ಅಕ್ಷರ, ಬಟನ್ ಎರಡೂ ಕೂರೋ ಚೌಕ ನಾನೇ ಕಟ್ಟಿದ್ದು, ನನ್ ಫೋನಿನ ಅಳ್ತೆಗೆ. ಅಕ್ಷರ ದಪ್ಪ ಆದ್ರೆ ಬಟನ್ನ ಆಚೆಗೆ ತಳ್ತದೆ. ನೀವು ಒತ್ತೋದ್ನ ನಾನು ಯಾವತ್ತೂ ನೋಡೇ ಇಲ್ಲ."

ನಾನು ಸಮಾಧಾನ ಹೇಳಲಿಲ್ಲ. ಕರು ಸತ್ತಿತ್ತು.

ಆಮೇಲೆ ಮನೆಮನೆಗೆ ಹೋದಳು. ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು ಎದುರಿಗೆ ಕೂರುವಳು. "ಒತ್ತಿ, ನಾನು ಮುಟ್ಟಾಕಿಲ್ಲ." ನಾವು ತಡಕಾಡುವುದನ್ನು ಸುಮ್ಮನೆ ನೋಡುವಳು.

"ಯಾವ್ ದೇವ್ರಿಗೆ ಹರಕೆಯಮ್ಮಿ, ಕೈ ಕಟ್ಟಾಕೊಂಡಿದ್ದೀಯ?" ಎಂದು ಅವಳ ಅತ್ತೆ ಕುಟುಕಿದಳು.

"ಬಿಚ್ಚುದ್ರೆ ನನ್ ಕೈ ತಪ್ಪ ಮುಚ್ಬುಡ್ತದೆ ಕಣತ್ತೆ."

ಹೋಗಿ ತಿದ್ದುವಳು, ಮತ್ತೆ ಬರುವಳು. ಒಂದು ಸಲ ಬಟನ್ ಬಂತು, ಅಕ್ಷರಗಳ ಮೇಲೆಯೇ ಹತ್ತಿ ಕೂತಿತ್ತು. ಕೊನೆಗೆ ಅದನ್ನು ಪರದೆಯ ಬುಡಕ್ಕೆ ಬಿಗಿದಳು. ಅಕ್ಷರ ಎಷ್ಟು ಊದಿದರೂ ಅದಕ್ಕಿಂತ ಮೇಲಿನ ಜಾಗದಲ್ಲೇ ಸರಿದಾಡಬೇಕು.

ಮುಂದಿನ ಸಲ ಹಸು ಈಯುವಾಗ ಮನೆಯಲ್ಲಿ ನಾನೊಬ್ಬಳೇ. ಅವಳು ಹಾಸನಕ್ಕೆ ಹೋಗಿದ್ದಳು. ಕರು ಅಡ್ಡ ಬಂದಿತ್ತು. ಆಪ್ ತೆರೆದೆ, ಬಟನ್ ಇತ್ತು, ಒತ್ತಿದೆ. ಡಾಕ್ಟರು ಬಂದು ಕರುವನ್ನು ತಿರುಗಿಸಿ ಎಳೆದರು. ಹೆಣ್ಣುಗರು.

ಸಂಜೆ ಬಸ್ಸಿಳಿದವಳು ಸೀದಾ ಕೊಟ್ಟಿಗೆಗೇ ಬಂದಳು. ಕರುವನ್ನು ನೋಡುವ ಮೊದಲೇ, "ಅಕ್ಷರ ದಪ್ಪ ಇಟ್ಕಂಡೇ ಒತ್ತುದ್ರಾ?" ಎಂದಳು.

"ಊಂ ಕಣಮ್ಮಿ."

ಗೋಡೆಗೆ ಒರಗಿ ಕೂತಳು. ಆಮೇಲೆ ಕರುವಿನ ಕಡೆ ತಿರುಗಿದಳು.

ಮಾರನೆಯ ದಿನ ಗಿಣ್ಣು ಮಾಡಿ ಒಯ್ದು ಕೊಟ್ಟೆ. ಒಂದು ಬಟ್ಟಲು ಗಿಣ್ಣಿಗೆ ತೀರುವ ಋಣವಲ್ಲ ಅದು. ತೀರಲಿ ಎಂಬ ಆಸೆಯೂ ನನಗಿಲ್ಲ.